ಹುಳದ ಮನೆಯಲ್ಲಿ ಮೀನು

ಮಂಡ್ಯ ಜಿಲ್ಲೆಯಲ್ಲಿ ಚಳಿನಾ ಅಂತ ನಗಬೇಡಿ. ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟ್ ಬಿಟ್ಟು ಕಿರಂಗೂರಿಗೆ ಬರುವಾಗ ನಾನೂ ಹಾಗೇ ನಕ್ಕಿದ್ದೆ. ಸ್ವೆಟರ್‌ಗಳನ್ನೆಲ್ಲ ಅಮ್ಮನ ಮನೆಯಲ್ಲೇ ಬಿಟ್ಟು ಬಂದಿದ್ದೆ. ಧನುರ್ಮಾಸದ ಒಂದು ಬೆಳಗ್ಗೆ ಐದೂವರೆಗೆ ಎದ್ದು ಉತ್ತರದ ಕೋಣೆಯ ಕೆಂಪು ಗಾರೆ ನೆಲದ ಮೇಲೆ ಬರಿಗಾಲು ಇಟ್ಟಾಗ ನಗು ನಿಂತಿತು. ಮೇಲೆ ಹೆಂಚು, ಹಿಂದೆ ಕಬ್ಬಿನ ಗದ್ದೆ, ಅದರಾಚೆ ನಾಲೆ. ರಾತ್ರಿಯ ಥಂಡಿಯೆಲ್ಲ ಆ ಕೋಣೆಗೇ ಬಂದು ಕೂತಿರುತ್ತದೆ. ಅವತ್ತು ಕೋಣೆಯಲ್ಲಿ 17 ಡಿಗ್ರಿ, ಮೂಲೆಯಲ್ಲಿದ್ದ ಅಕ್ವೇರಿಯಂ ನೀರಿನಲ್ಲಿ 20. ನನಗಾದರೆ ಹೊದೆಯಲು ಶಾಲು ಇತ್ತು. ಗಾಜಿನೊಳಗಿದ್ದ ಹನ್ನೆರಡು ನಿಯಾನ್ ಟೆಟ್ರಾಗಳಿಗೆ, ಎರಡು ಏಂಜೆಲ್ ಮೀನುಗಳಿಗೆ ಏನಿತ್ತು?

ಈ ಮೀನುಗಳು ಬಂದದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಆದರು. ಬೆಂಗಳೂರಿಗೆ ಬನ್ನಿ ಅಂದರೆ ಎಮ್ಮೆ ಯಾರು ನೋಡ್ಕೋತಾರೆ ಅಂದರು. ನನ್ನ ಕೆಲಸ ಮನೆಯಿಂದಲೇ ಮಾಡುವಂಥದ್ದು. ಗಂಡನಿಗೆ ವಾರದಲ್ಲಿ ಮೂರು ದಿನ ಬೆಂಗಳೂರಿನ ಆಫೀಸು. ಹಾಗಾಗಿ ನಾನು, ಆರು ವರ್ಷದ ಮಗಳು ಇಬ್ಬರೂ ಊರಿಗೆ ಬಂದೆವು. ನನಗೆ ಬಾಗಿಲು ಹಾಕಿಕೊಂಡು ಮೀಟಿಂಗ್ ಮಾಡಲು ಒಂದು ಕೋಣೆ ಬೇಕಿತ್ತು. ಮನೆಯಲ್ಲಿ ಖಾಲಿ ಇದ್ದದ್ದು ಉತ್ತರದ ಕೋಣೆ ಒಂದೇ. ಒಳಗೆ ಬಿದಿರಿನ ತಟ್ಟೆಗಳು, ಚಂದ್ರಿಕೆಗಳು, ಮುರಿದ ಸ್ಟ್ಯಾಂಡುಗಳು. ಒಂದು ಕಾಲದಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ಕೋಣೆ ಅದು. ಮನೆಯವರೆಲ್ಲ ಈಗಲೂ ಹುಳದ ಮನೆ ಅಂತಲೇ ಕರೆಯುತ್ತಾರೆ. ಆಳು ಕರೆಸಿ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿಸಿದೆ, ಬಿಳಿ ಬಣ್ಣ ಹೊಡೆಸಿದೆ, ಮೇಜು ಹಾಕಿದೆ. ಅತ್ತೆ ಜಗಲಿಯಲ್ಲಿ ಕೂತು ನೋಡಿದರು. ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ.

ಶ್ರೀರಂಗಪಟ್ಟಣದ ದಸರಾ ಶುರುವಾಗುವುದು ನಮ್ಮೂರಿನ ಬನ್ನಿಮಂಟಪದಿಂದಲೇ. ಆ ವರ್ಷ ಆನೆ ನೋಡಿ ಬಂದ ಮಗಳು ಮಾರನೇ ದಿನ ಮಂಕಾದಳು. ಊರಲ್ಲಿ ಅವಳಿಗಿನ್ನೂ ಗೆಳತಿಯರಿರಲಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಶಾಲೆಯಿಂದ ಕಬ್ಬನ್ ಪಾರ್ಕಿನ ಸರ್ಕಾರಿ ಅಕ್ವೇರಿಯಂಗೆ ಕರೆದುಕೊಂಡು ಹೋಗಿದ್ದರು. ಕತ್ತಲ ಓಣಿಯಲ್ಲಿ ಹೊಳೆಯುವ ಗಾಜುಗಳು ನೆನಪಿಗೆ ಬಂದವು. ಮೈಸೂರಿಗೆ ಹೋಗಿ ಎರಡಡಿ ಉದ್ದದ, ಸುಮಾರು 60 ಲೀಟರ್ ನೀರು ಹಿಡಿಯುವ ತೊಟ್ಟಿ ತಂದೆವು. ನನ್ನ ಮೇಜಿನ ಪಕ್ಕದಲ್ಲೇ ಇಟ್ಟೆ.

ಅತ್ತೆ ಬಂದು ನೋಡಿ ಒಂದೇ ಮಾತು ಕೇಳಿದರು. "ತಿನ್ನಾಕಲ್ದಿದ್ಮೇಲೆ ಇವ್ನ ಯಾಕವ್ವ ಸಾಕೋದು?"

ನವೆಂಬರ್ ಮುಗಿಯುವ ತನಕ ಎಲ್ಲ ಚೆನ್ನಾಗಿತ್ತು. ಹೀಟರ್ ಇಲ್ಲದೆಯೇ ನೀರು 25, 26ರಲ್ಲಿ ಇರುತ್ತಿತ್ತು. ಡಿಸೆಂಬರ್ ಎರಡನೇ ವಾರ ಬೆಳಗಿನ ಹೊತ್ತು ನಿಯಾನ್‌ಗಳ ನೀಲಿ ಗೆರೆ ಮಂಕಾಗತೊಡಗಿತು. ಏಂಜೆಲ್‌ಗಳು ತಳ ಹಿಡಿದವು. ಹಾಕಿದ ಕಾಳು ಹಾಗೇ ಉಳಿಯುತ್ತಿತ್ತು. ಆ ಬೆಳಗ್ಗೆ ಟಾರ್ಚ್ ಬಿಟ್ಟು ನೋಡಿದರೆ ರೆಕ್ಕೆಗಳ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ.

ಅವತ್ತು ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಬಚ್ಚಲ ಒಲೆಯ ಹಂಡೆಯಿಂದ ಒಂದು ಚೊಂಬು ಬಿಸಿ ನೀರು ತಂದು ತೊಟ್ಟಿಗೆ ಸುರಿದೆ. ಸಾಲದು ಅಂತ ಮಧ್ಯಾಹ್ನ ಮೈಸೂರಿಗೆ ಓಡಿ 200 ವ್ಯಾಟ್‌ನ ಹೀಟರ್ ತಂದು, ಮುಳ್ಳನ್ನು 28ಕ್ಕೆ ತಿರುಗಿಸಿ, ಮೀಟಿಂಗ್‌ಗೆ ಕೂತೆ. ದೊಡ್ಡದಿದ್ದರೆ ಬೇಗ ಬೆಚ್ಚಗಾಗುತ್ತದೆ, ಒಳ್ಳೆಯದಲ್ಲವಾ ಅನ್ನುವುದು ನನ್ನ ಲೆಕ್ಕ. ಬೇಗ ಬೆಚ್ಚಗಾಯಿತು ನಿಜ. ಮೂರೇ ಗಂಟೆಯಲ್ಲಿ ನೀರು ಎಂಟು ಡಿಗ್ರಿ ಏರಿತ್ತು. ರಾತ್ರಿಯೊಳಗೆ ಐದು ನಿಯಾನ್ ಹೋದವು.

ಮಗಳು ಮಲಗಿದ ಮೇಲೆ ಜಾಲರಿಯಲ್ಲಿ ಅವನ್ನು ತೆಗೆಯುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ.

"ಸುಣ್ಣಕಟ್ಟು ಬಂದದೆ ಅಲ್ವಾ?" ಅಂದರು.

"ಅದು ಹುಳಕ್ಕೆ ಬರೋ ರೋಗ ಅತ್ತೆ. ಇದು ಬೇರೆ," ಅಂದೆ. ದನಿ ಸ್ವಲ್ಪ ಗಡುಸಾಗೇ ಬಂತು.

"ಬ್ಯಾರೆನೇ ಇರ್ಲಿ. ಚಳಿ ಬಿದ್ಮೇಲೆ ಬಂತು ತಾನೆ?" ಅಂದು ಹೋದರು.

ಅವರು ಹೇಳಿದ್ದು ಅರ್ಧ ಸರಿಯಿತ್ತು. ರೇಷ್ಮೆ ಹುಳದ ಸುಣ್ಣಕಟ್ಟು ಒಂದು ಬೂಷ್ಟಿನಿಂದ ಬರುವ ರೋಗ. ಚಳಿ ಜೊತೆ ತೇವ ಸೇರಿದಾಗ ಹಬ್ಬುತ್ತದೆ, ಸತ್ತ ಹುಳ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಮೀನಿನ ಬಿಳಿ ಚುಕ್ಕೆಗೆ ಕಾರಣ ಬೇರೆ, ಕಣ್ಣಿಗೆ ಕಾಣದ ಒಂದು ಪರೋಪಜೀವಿ. ಆದರೆ ಅದಕ್ಕೂ ಬಾಗಿಲು ತೆರೆಯುವುದು ಚಳಿಯೇ. ಮೀನಿಗೆ ತನ್ನದೇ ಅಂತ ಮೈಬಿಸಿ ಇಲ್ಲ. ನೀರು ಎಷ್ಟೋ ಮೈಯೂ ಅಷ್ಟೇ. ನಿಯಾನ್, ಏಂಜೆಲ್ ಎರಡೂ ಅಮೆಜಾನ್ ನದಿ ಕಡೆಯವು. 24ರಿಂದ 27 ಡಿಗ್ರಿಯಲ್ಲಿ ಅವಕ್ಕೆ ಹಿತ. ನೀರು ತಣ್ಣಗಾದರೆ ತಿಂದದ್ದು ಅರಗುವುದಿಲ್ಲ, ರೋಗದ ವಿರುದ್ಧ ನಿಲ್ಲುವ ಶಕ್ತಿ ಕುಗ್ಗುತ್ತದೆ. ಹೀಗೆ ಸೋತಿದ್ದ ಮೀನಿನ ಮೇಲೆ ನಾನು ಮೂರು ಗಂಟೆಯಲ್ಲಿ ಎಂಟು ಡಿಗ್ರಿ ಹೇರಿದ್ದೆ. ಸಾಲದ್ದಕ್ಕೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದುಕೊಂಡರೆ, 30 ಡಿಗ್ರಿಯದು ಏಳೂವರೆ ಮಾತ್ರ.

ಆಮೇಲೆ ಕೂತು ಸರಿಯಾಗಿ ಕಲಿತೆ. 60 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾಗುವುದು ಸುಮಾರು 70 ವ್ಯಾಟ್-ಅವರ್. ಅಂದರೆ 100 ವ್ಯಾಟ್ ಹೀಟರ್‌ಗೆ ಮುಕ್ಕಾಲು ಗಂಟೆಯ ಕೆಲಸ. ಲೀಟರಿಗೆ ಒಂದು ವ್ಯಾಟ್ ಅನ್ನುವುದು ಸಾಕುವವರ ಸಾಮಾನ್ಯ ಲೆಕ್ಕ. 200 ವ್ಯಾಟ್‌ನದನ್ನು ತೆಗೆದಿಟ್ಟು 50ರ ಎರಡು ಹೀಟರ್ ಹಾಕಿದೆ. ಒಂದು ಕೆಟ್ಟು ನಿಂತರೆ ಇನ್ನೊಂದು ಸ್ವಲ್ಪವಾದರೂ ಕಾಯುತ್ತದೆ. ಒಂದು ಆಫ್ ಆಗದೆ ಉರಿಯುತ್ತಲೇ ಇದ್ದರೂ ಮೀನು ಬೇಯುವಷ್ಟು ಬಲ ಅದಕ್ಕಿಲ್ಲ. ಎರಡನ್ನೂ ಫಿಲ್ಟರ್‌ನ ನೀರು ಹರಿಯುವ ಕಡೆ ಇಟ್ಟೆ, ಥರ್ಮಾಮೀಟರನ್ನು ಎದುರು ತುದಿಗೆ ಅಂಟಿಸಿದೆ. ನೀರು ಬದಲಿಸುವ ಮೊದಲು ಪ್ಲಗ್ ಕಿತ್ತು ಕಾಲು ಗಂಟೆ ಕಾಯುವುದನ್ನು ರೂಢಿ ಮಾಡಿಕೊಂಡೆ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು. ವಯರನ್ನು ಪ್ಲಗ್‌ಗಿಂತ ಕೆಳಗೆ ಜೋತು ಬೀಳುವ ಹಾಗೆ ಬಿಟ್ಟೆ. ವಯರಿನ ಮೇಲೆ ಹರಿದು ಬಂದ ನೀರು ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.

ಉಳಿದ ಮೀನುಗಳಿಗೆ ಈ ಸಲ ನಿಧಾನವಾಗಿ, ಅರ್ಧ ಅರ್ಧ ಡಿಗ್ರಿಯಂತೆ 30ಕ್ಕೆ ತಂದೆ, ಗಾಳಿ ಪಂಪು ಜೋರಾಗಿ ಬಿಟ್ಟೆ. ಚುಕ್ಕೆಗಳು ನಾಲ್ಕೇ ದಿನಕ್ಕೆ ಮಾಯವಾದವು. ಆದರೆ ಅದು ಗುಣವಾದ ಲಕ್ಷಣವಲ್ಲ. ಬಲಿತ ಚುಕ್ಕೆ ಮೈಯಿಂದ ಉದುರಿ ತಳದಲ್ಲಿ ನೂರಾರು ಮರಿ ಮಾಡಿ ಮತ್ತೆ ಮೀನು ಹುಡುಕಿಕೊಂಡು ಹೊರಡುತ್ತದೆ. ಔಷಧಿ ತಾಗುವುದು ಹಾಗೆ ಈಜುವ ಮರಿಗೆ ಮಾತ್ರ. ಬಿಸಿ ನೀರಿನಲ್ಲಿ ಈ ಸುತ್ತು ಬೇಗ ಮುಗಿಯುತ್ತದೆ. ಅದಕ್ಕೇ ಚುಕ್ಕೆ ಹೋದ ಮೇಲೂ ಹತ್ತು ದಿನ ಬಿಡದೆ ಔಷಧಿ ಹಾಕಿದೆ. ಏಳು ನಿಯಾನ್, ಎರಡು ಏಂಜೆಲ್ ಉಳಿದವು.

ಅತ್ತೆಯ ಜೊತೆ ಮಾತು ಮಾತ್ರ ಬೆಳೆಯಲಿಲ್ಲ. ಊಟ ಆಯ್ತಾ, ಆಯ್ತು. ಹಾಲು ಕಾಯ್ಸಿದೀನಿ, ಸರಿ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಇಷ್ಟರಲ್ಲೇ ತಿಂಗಳುಗಟ್ಟಲೆ ಕಳೆಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಹೀಟರ್‌ನ ಕೆಂಪು ದೀಪ ಕಂಡಾಗಲೆಲ್ಲ ಅವರು ಕರೆಂಟ್ ಬಿಲ್ ನೆನೆಸಿಕೊಳ್ಳುತ್ತಾರೆ ಅಂತ ನಾನೇ ಊಹಿಸಿಕೊಂಡು ಒಳಗೇ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. 100 ವ್ಯಾಟ್ ಅರ್ಧ ದಿನ ಉರಿದರೆ ಒಂದೂಕಾಲು ಯೂನಿಟ್ ಕೂಡ ಆಗಲ್ಲ ಅತ್ತೆ, ಅಂತ. ಅವರು ಕೇಳಲೇ ಇಲ್ಲ.

ಸಂಕ್ರಾಂತಿ ಕಳೆದ ವಾರ. ಸಂಜೆ ಐದೂವರೆಗೆ ಢಬ್ ಅಂತ ಸದ್ದಾಗಿ ಕರೆಂಟ್ ಹೋಯಿತು. ಬೀದಿಯಲ್ಲಿ ಯಾರೋ ಟಿ.ಸಿ. ಸುಟ್ಟೋಯ್ತು ಅಂತ ಕೂಗಿದರು. ಬೇರೆ ಟಿ.ಸಿ. ಬರುವುದು ಅಂದರೆ ನಾಳೆಯ ಮಾತು. ಯುಪಿಎಸ್ ಮೇಲೆ ಹೀಟರ್, ಪಂಪು, ವೈಫೈ, ಲ್ಯಾಪ್‌ಟಾಪ್ ಎಲ್ಲ ಓಡುತ್ತಿತ್ತು. ರಾತ್ರಿ ಹತ್ತೂಮುಕ್ಕಾಲಿಗೆ ಅದೂ ಕೀಂಯ್ ಅಂದು ಸುಮ್ಮನಾಯಿತು. ಗಂಡ ಬೆಂಗಳೂರಿನಲ್ಲಿ. ಕೋಣೆ 18 ಡಿಗ್ರಿ, ಇಳಿಯುತ್ತಿದೆ. ನೀರು 26. ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಕೂತೆ. ಏನು ಮಾಡಲೂ ಕೈ ಬರಲಿಲ್ಲ. ಹಿಂದಿನ ಸಲ ಏನೋ ಮಾಡಲು ಹೋಗಿಯೇ ಐದು ಮೀನು ಕಳೆದದ್ದು ನೆನಪಿತ್ತು.

ಅತ್ತೆ ಲಾಟೀನು ಹಿಡಿದು ಬಂದರು. ಈ ಸಲ ಹೊಸಿಲು ದಾಟಿ ಒಳಗೆ ಬಂದರು.

"ಎಷ್ಟ್ ಅದೆ?"

"26 ಅತ್ತೆ."

"ಎಷ್ಟ್ ಇರ್‍ಬೇಕು?"

"24ಕ್ಕಿಂತ ಕಮ್ಮಿ ಆಗ್ಬಾರ್ದು. 28ರ ಮೇಲೆ ಹೋಗ್ಬಾರ್ದು."

ಅತ್ತೆ ನನ್ನ ಮುಖ ನೋಡಿದರು. "ನಮ್ ಉಳ್ದಂಗೇಯ," ಅಂದರು.

ನಿಜವೇ. ಚಾಕಿ ಹುಳಕ್ಕೆ 26ರಿಂದ 28, ನಾಲ್ಕನೇ ಜ್ವರ ಎದ್ದ ದೊಡ್ಡ ಹುಳಕ್ಕೆ 24, 25. ಅಮೆಜಾನಿನ ಮೀನಿಗೂ ಇದೇ ಕೋಣೆಯಲ್ಲಿ ಸೊಪ್ಪು ತಿಂದು ಬೆಳೆದ ಹುಳಕ್ಕೂ ಬೇಕಾದದ್ದು ಹೆಚ್ಚುಕಡಿಮೆ ಅದೇ ಡಿಗ್ರಿ.

"ಕೆಂಡ ತರ್‍ಲಾ ಅತ್ತೆ?" ಅಂದೆ. ಹುಳದ ಮನೆಯಲ್ಲಿ ಇದ್ದಿಲ ಒಲೆ ಇಡುತ್ತಿದ್ದರು ಅಂತ ಗಂಡ ಹೇಳಿದ್ದ.

"ಕೆಂಡ ಬ್ಯಾಡ. ಬಾಗ್ಲಾಕಿದ ಕ್ವಾಣೆಲಿ ಕೆಂಡ ಮಡಗಿದ್ರೆ ಜೀವಕ್ಕೇ ಸಂಚ್ಕಾರ. ನಿಂಗೂ ಅಷ್ಟೇ, ಮೀನ್ಗೂ ಅಷ್ಟೇ. ಮೊದ್ಲು ಚಳಿ ಎಲ್ಲಿಂದ ಬತ್ತದೆ ನೋಡು."

ಅವರು ಲಾಟೀನನ್ನು ಕಿಟಕಿಯ ಹತ್ತಿರ ಹಿಡಿದರು. ಉರಿ ಒಳಮುಖವಾಗಿ ಬಾಗಿತು. ಗೋಣಿಚೀಲ ಮಡಿಸಿ ಆ ಸಂದಿಗೆ ತುರುಕಿದರು. ಬಾಗಿಲ ಕೆಳಗೆ ಇನ್ನೊಂದು. ತೊಟ್ಟಿಯ ಮೂರು ಬದಿಗೆ ಮಾವನ ಕರಿ ಕಂಬಳಿ ಸುತ್ತಿದರು. ಗಾಜಿನ ಮುಚ್ಚಳದ ಮೇಲೆ ನಾನು ಟಿವಿ ಡಬ್ಬದ ಥರ್ಮಾಕೋಲ್ ಇಟ್ಟೆ. ಬಿಸಿಯಲ್ಲಿ ದೊಡ್ಡ ಪಾಲು ಹೊರಟು ಹೋಗುವುದು ತೆರೆದ ನೀರಿನ ಮೇಲಿಂದ, ಆವಿಯಾಗಿ. ಗಾಳಿ ಆಡಲು ಒಂದು ಮೂಲೆಯಲ್ಲಿ ಎರಡು ಬೆರಳಷ್ಟು ಸಂದಿ ಬಿಟ್ಟೆವು.

"ಈಗ ಬಿಸ್ನೀರು?" ಅಂದೆ ಭಯದಿಂದ.

"ಒಳಿಕ್ಕೆ ಉಯ್ಬ್ಯಾಡ. ಬಾಟ್ಲಿಲಿ ತುಂಬಿ ತೇಲ್ಬುಡು. ತಾಯಿ ಮಗೀನ ಪಕ್ಕ ಮಲಿಕ್ಕೊಂಡಂಗೆ ಇರ್‍ಬೇಕು ಬಿಸಿ."

ಹಂಡೆ ಒಲೆಗೆ ಎರಡು ಸೌದೆ ಹಾಕಿದೆವು. ತೊಟ್ಟಿಯಿಂದ ಎರಡು ಲೀಟರ್ ನೀರು ಬಕೆಟ್ಟಿಗೆ ತೆಗೆದು, ಒಂದು ಲೀಟರ್‌ನ ಎರಡು ಬಾಟಲಿಗೆ ಬಿಸಿ ನೀರು ತುಂಬಿ ಬಿಗಿಯಾಗಿ ಮುಚ್ಚಿ ತೇಲಿಬಿಟ್ಟೆವು. 60 ಡಿಗ್ರಿಯ ಒಂದು ಬಾಟಲಿ ಇಂಥ ತೊಟ್ಟಿಯನ್ನು ಏರಿಸುವುದು ಅರ್ಧ ಡಿಗ್ರಿಯ ಆಸುಪಾಸು ಮಾತ್ರ, ಅದೂ ನಿಧಾನವಾಗಿ. ನನಗೆ ಬೇಕಾದದ್ದೂ ಅಷ್ಟೇ. ಅರ್ಧ ಗಂಟೆಗೊಮ್ಮೆ ಲೋಟದಲ್ಲಿ ನೀರು ಮೊಗೆದು ಒಂದಡಿ ಮೇಲಿಂದ ಧಾರೆಯಾಗಿ ಬಿಡುತ್ತಿದ್ದೆ, ಗಾಳಿ ಬೆರೆಯಲಿ ಅಂತ. ಕಾಳು ಹಾಕಲಿಲ್ಲ. ತಿಂದರೆ ಉಸಿರು ಹೆಚ್ಚು ಬೇಕು, ನೀರೂ ಕೆಡುತ್ತದೆ.

ಅತ್ತೆ ಚಾಪೆ ಹಾಸಿಕೊಂಡು ಗೋಡೆಗೆ ಒರಗಿದರು. ಮಲಗಿ ಅತ್ತೆ ಅಂದೆ. ಏಳಲಿಲ್ಲ.

"ನಮ್ ಒಳೆ ಮೀನ್ಗೆ ಯಾರವ್ವ ಈಟ್ರು ಇಕ್ಕಿದ್ರು?" ಅಂತ ಕೇಳಿದರು. ಗೇಲಿ ಇರಲಿಲ್ಲ. ತಿಳಿಯುವ ಆಸೆಯೇ ಇತ್ತು.

ಕಾವೇರಿಯ ಮೀನು ಈ ಚಳಿಗೆ ಹುಟ್ಟಿ ಒಗ್ಗಿಕೊಂಡದ್ದು ಅಂತ ಹೇಳಿದೆ. ಮತ್ತೆ ಹೊಳೆಯಲ್ಲಿ ನೀರು ಎಷ್ಟು! ಅಷ್ಟು ನೀರು ಒಂದು ರಾತ್ರಿಗೆಲ್ಲ ತಣ್ಣಗಾಗಲ್ಲ. ಮೇಲೆ ಥಂಡಿಯಾದರೆ ಮೀನು ಮಡುವಿಗೆ ಇಳಿಯುತ್ತದೆ. ಈ ಗಾಜಿನೊಳಗೆ ಇರುವುದು ನಾಲ್ಕು ಕೊಡ ನೀರು. ಇಳಿಯಲು ಮಡುವೂ ಇಲ್ಲ.

"ಅಂಗಾರೆ ತಂದೋರೇ ಕಾಯ್ಬೇಕು," ಅಂದರು.

ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಶುರು ಮಾಡಿದರು. ಅತ್ತೆಯ ತವರು ಕೆ.ಆರ್. ಪೇಟೆ ಕಡೆ. ಹುಳ ಸಾಕುವುದನ್ನು ಈ ಮನೆಗೆ ತಂದವರೇ ಅವರು. ಒಂದು ವರ್ಷ ಪುಷ್ಯ ಮಾಸದಲ್ಲಿ ನೂರು ಮೊಟ್ಟೆ ಎಬ್ಬಿಸಿದ್ದರಂತೆ. ಹುಳ ಮೂರು ಜ್ವರ ದಾಟಿತ್ತು. ವಾರವಿಡೀ ಮಂಜು. ಸೊಪ್ಪು ಒದ್ದೆ, ಕೋಣೆ ಥಂಡಿ. ಮಾವ ಗಾಬರಿಯಾಗಿ ರಾತ್ರಿ ಎರಡು ಒಲೆ ಕೆಂಡ ಇಟ್ಟು ಕಿಟಕಿ ಮುಚ್ಚಿದರು. ಬೆಳಗ್ಗೆ ಕೋಣೆ ಹೊಗೆ, ಶಾಖ. ಹಗಲು ಎಲ್ಲ ತೆಗೆದರು, ರಾತ್ರಿ ಮತ್ತೆ ಥಂಡಿ. ಐದೇ ದಿನಕ್ಕೆ ಸುಣ್ಣಕಟ್ಟು. ತಟ್ಟೆ ತಟ್ಟೆಯೇ ಬೆಳ್ಳಗಾಯಿತು.

"ಚಳಿಗ್ ಸತ್ತಿದ್ದಲ್ಲ ಕಣವ್ವ. ಏರೋದು ಇಳ್ಯೋದು, ಏರೋದು ಇಳ್ಯೋದು. ಅದುಕ್ಕೆ ಸತ್ತಿದ್ದು. ಅಷ್ಟನ್ನೂ ಗುಂಡಿ ತೋಡಿ ಸುಣ್ಣ ಆಕಿ ಮುಚ್ಚುದ್ವು. ಸೊಪ್ಪಿನ ಸಾಲಕ್ಕೆ ಓಲೆ ಅಡ ಇಟ್ಟೆ. ನಿಮ್ಮಾವ ಆಮ್ಯಾಲೆ ಮೈಸೂರ್‍ಗೋಗಿ ಟ್ರೈನಿಂಗ್ ಮಾಡ್ಕೊಂಡು ಡಿಗ್ರಿ ನೋಡೋದ ತಂದ್ರು. ಅದಾದ್ಮೇಲೆ ಒಂದ್ ಬೆಳೇನೂ ಓಗ್ನಿಲ್ಲ."

ಡಿಗ್ರಿ ನೋಡೋದು ಅಂದರೆ ಮರದ ಹಲಗೆಯ ಮೇಲೆ ಎರಡು ಗಾಜಿನ ಕಡ್ಡಿ ಇರುವ ಥರ್ಮಾಮೀಟರ್. ಒಂದು ಕಡ್ಡಿಯ ಬುಡಕ್ಕೆ ಒದ್ದೆ ಬಟ್ಟೆ. ಎರಡರ ವ್ಯತ್ಯಾಸದಿಂದ ಕೋಣೆಯ ತೇವ ಎಷ್ಟು ಅಂತ ತಿಳಿಯುತ್ತದೆ. ಅದನ್ನು ನಾನು ಕಂಡಿದ್ದೆ. ಬಣ್ಣ ಹೊಡೆಸುವಾಗ ಈ ಗೋಡೆಯಿಂದ ಕೀಳಿಸಿ ಮುರಿದ ಸ್ಟ್ಯಾಂಡುಗಳ ಜೊತೆ ಅಟ್ಟಕ್ಕೆ ಹಾಕಿಸಿದ್ದವಳು ನಾನೇ.

"ಅತ್ತೆ, ಈ ಕೋಣೆ ತಗೋಳೋ ಮುಂಚೆ ನಿಮ್ಮನ್ನ ಕೇಳ್ಬೇಕಿತ್ತು," ಅಂದೆ.

ಅವರು ಬಾಟಲಿ ಮುಟ್ಟಿ ನೋಡಿದರು. "ಆರೋಯ್ತು. ಬ್ಯಾರೆ ತುಂಬ್ಕೊಂಡ್ ಬಾ," ಅಂದರು.

ಹನ್ನೊಂದೂವರೆ, ಒಂದೂವರೆ, ಮೂರೂವರೆ, ಐದು. ನಾಲ್ಕು ಸಲ ಬಾಟಲಿ ಬದಲಿಸಿದೆವು. ಬೆಳಗ್ಗೆ ಆರಕ್ಕೆ ಕೋಣೆ 16 ಇತ್ತು, ನೀರು 25. ಬಿಸಿಲು ಬಂದ ಮೇಲೆ ಗೋಣಿಚೀಲ ತೆಗೆದು ಕಿಟಕಿ ಬಿಟ್ಟೆವು. ಟಿ.ಸಿ. ಬದಲಾಗಿ ಕರೆಂಟ್ ಬಂದಾಗ ಮಧ್ಯಾಹ್ನ ಮೂರು. ಹೀಟರನ್ನು ಒಮ್ಮೆಲೇ 26ಕ್ಕೆ ಇಡದೆ ನೀರು ಎಷ್ಟಿತ್ತೋ ಅಲ್ಲಿಂದ ಸ್ವಲ್ಪ ಸ್ವಲ್ಪ ಏರಿಸಿದೆ. ಸಂಜೆ ಎಣಿಸಿದರೆ ಆರು ನಿಯಾನ್. ಒಂದು ಗಿಡದ ಬುಡದಲ್ಲಿ ಸತ್ತು ಬಿದ್ದಿತ್ತು. ಎಲ್ಲವೂ ಉಳಿದವು ಅಂತ ಬರೆಯಲು ಆಸೆ, ಆದರೆ ಉಳಿಯಲಿಲ್ಲ. ಮಗಳು ಅದನ್ನು ದಾಸವಾಳದ ಗಿಡದ ಕೆಳಗೆ ಹೂಳಿದಳು. ಅತ್ತೆ ಒಂದು ಹಿಡಿ ಸುಣ್ಣ ತಂದು ಮೇಲೆ ಉದುರಿಸಿದರು.

ಆ ಭಾನುವಾರ ಅಟ್ಟ ಹತ್ತಿ ಥರ್ಮಾಮೀಟರ್ ಹುಡುಕಿದೆ. ಹಲಗೆಯ ಒಂದು ಮೂಲೆ ಗೆದ್ದಲು ತಿಂದಿತ್ತು, ಕಡ್ಡಿಗಳು ಸರಿಯಿದ್ದವು. ಹಳೇ ಮೊಳೆಯ ತೂತು ಬಣ್ಣದ ಕೆಳಗೆ ಕಾಣುತ್ತಿತ್ತು, ಅಲ್ಲೇ ಹೊಡೆದೆ. ನನ್ನ ಮೇಜನ್ನು ನಡುಮನೆಗೆ ಹಾಕಿಕೊಳ್ಳುತ್ತೇನೆ ಅತ್ತೆ, ಕೋಣೆ ನಿಮಗಿರಲಿ ಅಂದೆ.

"ನಾನೇನ್ ಮಾಡ್ಲಿ ಇದ್ನ ಇಟ್ಕೊಂಡು? ಇರ್‍ಲಿ ಬುಡು. ಒಳ್ಗೆ ಏನಾರ ಜೀವ ಆಡ್ತಾ ಇದ್ರೆ ಕ್ವಾಣೆಗೂ ವಾಸಿ," ಅಂದರು.

ಈಗ ಮತ್ತೆ ಡಿಸೆಂಬರ್. ತೊಟ್ಟಿಯ ಅಡಿಗೆ, ಮೂರು ಬದಿಗೆ ಥರ್ಮಾಕೋಲ್ ಕಾಯಂ ಆಗಿದೆ. ಕಿಟಕಿಯಿಂದ ದೂರದ ಒಳಗೋಡೆಗೆ ಅದನ್ನು ಸರಿಸಿದ್ದೇವೆ. ಬ್ಯಾಟರಿಯ ಗಾಳಿ ಪಂಪೊಂದು, ಖಾಲಿ ಬಾಟಲಿ ನಾಲ್ಕು ಪಕ್ಕದಲ್ಲೇ ಇರುತ್ತವೆ. ನೀವೂ ಇಂಥ ಕೋಣೆಯಲ್ಲಿ ಮೀನು ಇಟ್ಟಿದ್ದರೆ ಹೀಟರ್ ಕೊಳ್ಳುವ ಮೊದಲು ಒಂದು ರಾತ್ರಿ ಕೋಣೆಯನ್ನು ನೋಡಿ. ಗಾಳಿ ಎಲ್ಲಿಂದ ಬರುತ್ತದೆ, ಬೆಳಗಿನ ಜಾವ ಎಷ್ಟು ಇಳಿಯುತ್ತದೆ ಅಂತ ಬರೆದುಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ. ಅವರು ಮೀನು ಸಾಕಿರಲಿಕ್ಕಿಲ್ಲ, ಚಳಿಗಾಲದಲ್ಲಿ ಕರುವನ್ನೋ ಕೋಳಿಮರಿಯನ್ನೋ ಹುಳವನ್ನೋ ಉಳಿಸಿಕೊಂಡಿರುತ್ತಾರೆ.

ಬೆಳಗ್ಗೆ ನಾನು ಏಳುವ ಮೊದಲೇ ಅತ್ತೆ ಒಳಗೆ ಹೋಗಿ ಗೋಡೆಯ ಕಡ್ಡಿ ಒಮ್ಮೆ, ತೊಟ್ಟಿಯ ಕಡ್ಡಿ ಒಮ್ಮೆ ನೋಡಿ ಬರುತ್ತಾರೆ. ಮೊನ್ನೆ ಮೀಟಿಂಗ್‌ನಲ್ಲಿ ನಾನು ಮಾತಾಡುತ್ತಿರುವಾಗಲೇ ಜಗಲಿಯಿಂದ ಕೂಗಿದರು. "ಅವ್ವಾ, ಇಪ್ಪತ್ತೈದೂವರೆ ಅದೆ ಕಣೇ." ಮ್ಯೂಟ್ ಮಾಡುವುದು ಮರೆತಿದ್ದೆ. ಪುಣೆಯಲ್ಲಿ ಕೂತಿದ್ದ ಸಹೋದ್ಯೋಗಿ ಏನದು ಅಂತ ಕೇಳಿದ. ಮೀನಿನ ಟೆಂಪರೇಚರ್ ಅಂದೆ.